ಸಂಬಳ ಅಷ್ಟೇ ಇರುವಾಗ ಸ್ವಲ್ಪ ಜಾಸ್ತಿ ಕೆಲಸ ಯಾಕೆ ಮಾಡಬೇಕು?

ಪ್ರಶ್ನೆ: ಹೇಳಿದಷ್ಟು ಮುಗಿಸಿ ಹೊರಡುವವರಿಗೂ ಸ್ವಲ್ಪ ಜಾಸ್ತಿ ಮಾಡುವವರಿಗೂ ಒಂದೇ ಸಂಬಳ. ಹಾಗಿದ್ದರೆ ಆ ಜಾಸ್ತಿ ಶ್ರಮದಿಂದ ಏನು ಬಂತು?

ಉತ್ತರ: ಈ ತಿಂಗಳ ಮಟ್ಟಿಗೆ ಏನೂ ಬರುವುದಿಲ್ಲ, ನಿಮ್ಮ ಮಾತು ಸರಿ. ವರ್ಷದ ಲೆಕ್ಕ ಹಾಕಿ ನೋಡಿ. ದಿನಕ್ಕೆ 20 ನಿಮಿಷ, 250 ಕೆಲಸದ ದಿನ ಅಂದುಕೊಂಡರೆ ಸುಮಾರು 83 ಗಂಟೆ ಆಗುತ್ತದೆ. ಎಂಟು ಗಂಟೆಯ ಹತ್ತು ದಿನಕ್ಕಿಂತ ಜಾಸ್ತಿ. (ದಿನಾ ಶೇಕಡಾ 1ರಷ್ಟು ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಬೆಳೆಯುತ್ತೀರಿ ಅನ್ನುವ ಮಾತು ಕೇಳಿರುತ್ತೀರಿ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಮನುಷ್ಯರು ಚಕ್ರಬಡ್ಡಿಯ ಹಾಗೆ ಬೆಳೆಯುವುದಿಲ್ಲ, ಅಲ್ವಾ?)

ಆ 20 ನಿಮಿಷದಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇನ್ನೂ ನಾಲ್ಕು ಇಮೇಲ್‌ಗೆ ಉತ್ತರ ಕೊಟ್ಟರೆ ನಾಳೆ ಮತ್ತೆ ನಾಲ್ಕು ಬರುತ್ತವೆ, ಅಷ್ಟೇ. ಅದರ ಬದಲು ಪದೇ ಪದೇ ಬರುವ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಬರೆದಿಡಿ. ಪ್ರತಿ ತಿಂಗಳು ಕೈಯಲ್ಲೇ ಕೂಡಿಸುವ ಲೆಕ್ಕಕ್ಕೆ ಎಕ್ಸೆಲ್‌ನಲ್ಲಿ ಒಮ್ಮೆ ಫಾರ್ಮುಲಾ ಹಾಕಿಡಿ. ಕಳುಹಿಸುವ ಮೊದಲು ರಿಪೋರ್ಟನ್ನು ಇನ್ನೊಂದು ಸಲ ಓದಿ. ‘ಇವರು ಕೊಟ್ಟದ್ದನ್ನು ಮತ್ತೆ ನೋಡಬೇಕಾಗಿಲ್ಲ’ ಅನ್ನುವ ನಂಬಿಕೆ ಮೇಲಧಿಕಾರಿಗೆ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಹುಟ್ಟಿದ ಮೇಲೆ ದೊಡ್ಡ ಕೆಲಸ ತಾನಾಗಿ ನಿಮ್ಮ ಕಡೆ ಬರುತ್ತದೆ.

ಹೊಸದೇನಾದರೂ ಕಲಿಯುವುದಿದ್ದರೂ ದಿನಾ ಸ್ವಲ್ಪ ಸ್ವಲ್ಪವೇ ಲೇಸು. ಒಂದೇ ಸಲ ಗಟ್ಟು ಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಕೊಟ್ಟು ಕಲಿತದ್ದು ಹೆಚ್ಚು ಕಾಲ ನೆನಪಿರುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ತೋರಿಸಿದ್ದ.

ಜಾಸ್ತಿ ಅಂದರೆ ರಾತ್ರಿವರೆಗೂ ಕೂರುವುದಲ್ಲ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ ಪರಿಶೀಲಿಸಿದ್ದಾರೆ. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಗಂಟೆಯ ದುಡಿಮೆಗೆ ಸಿಗುವ ಫಲ ಕಡಿಮೆಯಾಗುತ್ತಾ ಹೋಗಿತ್ತು. 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆಯವರಿಗಿಂತ ಹೆಚ್ಚೇನೂ ಇರಲಿಲ್ಲ.

ಇನ್ನೊಂದು ಮಾತು. ಸುಮ್ನೆ ಮಾಡುತ್ತಾ ಹೋದರೆ ಯಾರಿಗೂ ಕಾಣುವುದಿಲ್ಲ. ಏನು ಮಾಡಿದಿರಿ, ಅದರಿಂದ ಎಷ್ಟು ಸಮಯ ಉಳಿಯಿತು ಎಂದು ಬರೆದಿಟ್ಟುಕೊಂಡು, ಸಂಬಳದ ಮಾತುಕತೆಗೆ ಕೂತಾಗ ಮುಂದಿಡಿ. ಅದನ್ನು ಎರಡು ವರ್ಷವಾದರೂ ಲೆಕ್ಕಕ್ಕೇ ತೆಗೆದುಕೊಳ್ಳದ ಕಡೆಯಾದರೆ, ಅದೇ ಪಟ್ಟಿಯನ್ನು ಬೇರೆ ಕಡೆಯ ಸಂದರ್ಶನಕ್ಕೆ ಒಯ್ಯಿರಿ.