ಒಎಲ್‌ಇಡಿ: ಹುಟ್ಟಿದ ಬೆಳಕು ಹೊರಗೆ ಬರಲು ಪಡುವ ಪಾಡು

ದುಬಾರಿ ಮೊಬೈಲ್, ಟಿವಿಗಳ ಒಎಲ್‌ಇಡಿ (ವಿದ್ಯುತ್ ಹರಿದಾಗ ತಾವೇ ಬೆಳಗುವ ಸಾವಯವ, ಅಂದರೆ ಇಂಗಾಲಮೂಲದ, ಅಣುಗಳ ತೆಳುಪದರವುಳ್ಳ) ಪರದೆಯ ಬಗ್ಗೆ ಜಾಹೀರಾತುಗಳು ಹೇಳದ ಸಂಗತಿಯೊಂದಿದೆ. ಸಾದಾ ವಿನ್ಯಾಸದ ಒಎಲ್‌ಇಡಿಯೊಳಗೆ ಹುಟ್ಟುವ ಬೆಳಕಿನಲ್ಲಿ ಹೊರಗೆ ಬರುವುದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಮಿಕ್ಕಿದ್ದು ಒಳಗೇ ಅಡ್ಡಾಡಿ ಬಹುಪಾಲು ಶಾಖವಾಗಿ ಹೋಗುತ್ತದೆ.

ಮೊದಮೊದಲು ಇದು ಯಾರಿಗೂ ತಲೆನೋವಾಗಿರಲಿಲ್ಲ. 1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 10 ವೋಲ್ಟ್‌ಗಿಂತ ಕಡಿಮೆ ವಿದ್ಯುತ್ತಿನಲ್ಲೇ ಹಸಿರು ಬೆಳಕು ಸೂಸುವ ಸಾಧನ ತೋರಿಸಿದಾಗ ಅದರ ದಕ್ಷತೆ ಶೇ 1ರ ಆಸುಪಾಸು. ಆಗ ಎಲ್ಲರ ಗಮನ ರಸಾಯನದ ಮೇಲೆ. ಸಾವಯವ ಅಣುಗಳಿಗೆ ಕೊಟ್ಟ ಶಕ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಬೆಳಕಾಗದೆ ಪೋಲಾಗುತ್ತಿತ್ತು. ಭಾರಲೋಹ ಬೆರೆತ ಅಣುಗಳಿಂದ ಅದನ್ನೂ ಬೆಳಕಾಗಿಸಬಹುದೆಂದು ಅಮೆರಿಕದ ವಿಜ್ಞಾನಿಗಳಾದ ಸ್ಟೀಫನ್ ಫಾರೆಸ್ಟ್, ಮಾರ್ಕ್ ಥಾಮ್ಸನ್ ತಂಡ 1998ರಲ್ಲಿ ತೋರಿಸಿತು. ಕೆಲವೇ ವರ್ಷಗಳಲ್ಲಿ ಒಳಗಿನ ದಕ್ಷತೆ, ಅಂದರೆ ಒಳಗೆ ಬೆಳಕು ಹುಟ್ಟಿಸುವ ಪ್ರಮಾಣ, ಶೇ 100ರ ಹತ್ತಿರಕ್ಕೆ ಬಂತು. ಆದರೂ ಹೊರಗೆ ಸಿಗುತ್ತಿದ್ದದ್ದು ಶೇ 20ರಷ್ಟೇ!

ಇದರ ಮೂಲ ಹೈಸ್ಕೂಲಿನಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ. ಸಾವಯವ ಪದರದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) ಸುಮಾರು 1.7, ಅದನ್ನು ಹೊತ್ತ ಗಾಜಿನದು 1.5, ಗಾಳಿಯದು 1. ಗಾಜಿನಿಂದ ಗಾಳಿಗೆ ದಾಟುವಾಗ ಲಂಬರೇಖೆಯಿಂದ 42 ಡಿಗ್ರಿಗಿಂತ ಓರೆಯಾಗಿ ಬಂದ ಕಿರಣ ಹಿಂದಕ್ಕೇ ತಿರುಗುತ್ತದೆ. ಸಾವಯವ ಪದರದಲ್ಲೇ ಸಿಕ್ಕಿಬೀಳುವ ಪಾಲು ಬೇರೆ. ಹಿಂಬದಿಯ ಲೋಹದ ಮೈಮೇಲೆ ಎಲೆಕ್ಟ್ರಾನ್‌ಗಳ ಅಲೆಯಾಗಿ, ಅಂದರೆ ಪ್ಲಾಸ್ಮಾನ್ ಆಗಿ, ಕಳೆದುಹೋಗುವುದು ಇನ್ನೊಂದಿಷ್ಟು.

ಗಾಜಿನಲ್ಲಿ ಸಿಕ್ಕ ಬೆಳಕನ್ನು ಬಿಡಿಸುವುದು ಸುಲಭ. 2002ರಲ್ಲಿ ಸಂಶೋಧಕರು ಗಾಜಿನ ಹೊರಮೈಗೆ ಪುಟ್ಟ ಮಸೂರಗಳ ಹಾಳೆ ಅಂಟಿಸಿ ಸುಮಾರು ಒಂದೂವರೆ ಪಟ್ಟು ಬೆಳಕು ಪಡೆದರು. ಒಳಪದರದ ಬೆಳಕಿಗೆ ಈ ಉಪಾಯ ನಾಟುವುದಿಲ್ಲ. ಅದನ್ನು ದಾರಿ ತಪ್ಪಿಸಲು ಬೆಳಕಿನ ತರಂಗದಷ್ಟೇ ಸಣ್ಣ, ಕೆಲವು ನೂರು ನ್ಯಾನೊಮೀಟರ್ ಅಂತರದ ಉಬ್ಬುತಗ್ಗು ಬೇಕು. ಸಾಲಾಗಿ ಕೊರೆದ ಗೀರುಗಳು ಕೆಲಸವೇನೋ ಮಾಡಿದವು, ಆದರೆ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತಿತ್ತು. ಟಿವಿಗೆ ಇದು ಆಗಿಬರದು.

2010ರಲ್ಲಿ ಬಂದ ಉತ್ತರ ನನಗೆ ಬಹಳ ಇಷ್ಟ. ಸಂಶೋಧಕರು ಬಿಸಿ ಮಾಡಿದ ಸಿಲಿಕೋನ್ ರಬ್ಬರಿನ ಮೇಲೆ ಅಲ್ಯುಮಿನಿಯಂನ ತೆಳುಲೇಪ ಕೂರಿಸಿ ತಣ್ಣಗಾಗಲು ಬಿಟ್ಟರು. ಹಾಲು ಆರುವಾಗ ಕೆನೆ ಸುಕ್ಕುಗಟ್ಟುವಂತೆ ಲೇಪ ತಾನಾಗಿ ಸುಕ್ಕಾಯಿತು. ಆ ಸುಕ್ಕನ್ನು ಅಚ್ಚೊತ್ತಿ ಅದರ ಮೇಲೆ ಒಎಲ್‌ಇಡಿ ಕಟ್ಟಿದರು. ಸುಕ್ಕಿಗೆ ನಿಶ್ಚಿತ ದಿಕ್ಕಿಲ್ಲ, ಒಂದೇ ಅಳತೆಯಿಲ್ಲ. ಹಾಗಾಗಿ ಎಲ್ಲ ಬಣ್ಣಕ್ಕೂ ಬಿಡುಗಡೆ.

ತೊಡಕು ಉಳಿದದ್ದು ಕಾರ್ಖಾನೆಯಲ್ಲಿ. ಸಾವಯವ ಪದರಗಳ ಒಟ್ಟು ದಪ್ಪವೇ ನೂರಿನ್ನೂರು ನ್ಯಾನೊಮೀಟರ್. ಉಬ್ಬು ಕೊಂಚ ಚೂಪಾದರೂ ಶಾರ್ಟ್ ಸರ್ಕ್ಯೂಟ್. 2020ರಲ್ಲಿ ಯೂನಿವರ್ಸಲ್ ಡಿಸ್‌ಪ್ಲೇ ಕಂಪನಿ ಬೆಳಕು ಕದಿಯುವ ಪ್ಲಾಸ್ಮಾನನ್ನೇ ದುಡಿಸಿಕೊಂಡಿತು: ಬೇಕೆಂದೇ ಶಕ್ತಿಯನ್ನು ಲೋಹಕ್ಕೆ ಹರಿಸಿ, ಬೆಳ್ಳಿಯ ನ್ಯಾನೊಘನಗಳಿಂದ (ಘನಾಕೃತಿಯ ಅತಿ ಪುಟ್ಟ ಕಣಗಳಿಂದ) ಅದನ್ನು ಮತ್ತೆ ಬೆಳಕಾಗಿಸಿತು. ಸಾಧನದ ಬಾಳಿಕೆಯೂ ಹೆಚ್ಚಿತು.

ಮಾರುಕಟ್ಟೆಗೆ ಬಂದದ್ದು ಮಾತ್ರ ಮಸೂರವೇ. 2023ರಲ್ಲಿ ಎಲ್‌ಜಿ ಡಿಸ್‌ಪ್ಲೇ 77 ಇಂಚಿನ ಒಂದೊಂದು ಪರದೆಯಲ್ಲೂ 4,240 ಕೋಟಿ ಸೂಕ್ಷ್ಮ ಮಸೂರ ಕೂರಿಸಿ, ಹೊಳಪು ಶೇ 60ರಷ್ಟು ಹೆಚ್ಚಿದೆ ಎಂದಿತು. 2025ರ ಮೇಲ್ದರ್ಜೆಯ ಟಿವಿಗಳಲ್ಲಿ ಅವನ್ನು ಕೈಬಿಟ್ಟು, ಬೆಳಕು ಸೂಸುವ ಪದರಗಳನ್ನೇ ನಾಲ್ಕಕ್ಕೆ ಏರಿಸಿತು. ಸಿಕ್ಕಿಬಿದ್ದ ಬೆಳಕನ್ನು ಬಿಡಿಸುವುದಕ್ಕಿಂತ ಇನ್ನಷ್ಟು ಬೆಳಕು ಹುಟ್ಟಿಸುವ ದಾರಿಯೇ ಸದ್ಯಕ್ಕೆ ಅದಕ್ಕೆ ಹಿಡಿಸಿದೆ.