ಬಾಲಿಯಲ್ಲಿ ಫ್ರೀಡೈವಿಂಗ್: ಯಾರು ಎಲ್ಲಿ ಮುಳುಗಬೇಕು?

ಪ್ರಶ್ನೆ: ನಾವು ನಾಲ್ಕು ಜನ ಬಾಲಿಗೆ ಹೊರಟಿದ್ದೇವೆ. ಒಬ್ಬಳು ಫ್ರೀಡೈವಿಂಗ್ (ಸಿಲಿಂಡರ್ ಇಲ್ಲದೆ ಒಂದೇ ಉಸಿರು ಹಿಡಿದು ಮುಳುಗುವುದು) ಕೋರ್ಸ್ ಮುಗಿಸಿ 20 ಮೀಟರ್ ಇಳಿದಿದ್ದಾಳೆ. ಒಬ್ಬನಿಗೆ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು, ಗೊತ್ತು. ಉಳಿದ ಇಬ್ಬರಿಗೆ ಈಜು ಮಾತ್ರ ಬರುತ್ತದೆ. ಎಲ್ಲರಿಗೂ ಹೊಂದುವ ಜಾಗ ಯಾವುದು? ಹೊಸಬರನ್ನು ಆಳ ಕಡಿಮೆ ಇರುವ ಕಡೆ ಕರೆದುಕೊಂಡು ಹೋದರೆ ಸಾಕಲ್ವಾ?

ಉತ್ತರ: ಸಾಲದು. ಈ ಕೊನೆಯ ಮಾತನ್ನು ತುಂಬಾ ಜನ ಕೇಳುತ್ತಾರೆ, ಅದಕ್ಕೇ ಅದರಿಂದಲೇ ಶುರು ಮಾಡುತ್ತೇನೆ.

ಬಾಲಿಯಲ್ಲಿ ಎರಡು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು, ಈಶಾನ್ಯ ಕರಾವಳಿಯ ಆಮೆಡ್‌ನಲ್ಲಿರುವ ಜೆಮೆಲುಕ್ ಕೊಲ್ಲಿ. ದಡದಿಂದ ಸ್ವಲ್ಪ ದೂರ ಈಜಿದರೆ ಸಾಕು, ಕೆಳಗೆ 20, 30 ಮೀಟರ್ ನೀರು. ಇನ್ನೊಂದು, ನುಸಾ ಪೆನಿಡಾ ದ್ವೀಪದ ದಕ್ಷಿಣಕ್ಕಿರುವ ಮಾಂಟಾ ಪಾಯಿಂಟ್. ಅಲ್ಲಿ ಮಾಂಟಾ ಅನ್ನುವ ದೊಡ್ಡ ತೊರಕೆ ಜಾತಿಯ ಮೀನುಗಳು ಸುತ್ತುವ ಬಂಡೆಗಳ ಮೇಲೆ ಎಷ್ಟೋ ಕಡೆ ಹತ್ತು ಮೀಟರ್ ನೀರೂ ಇರುವುದಿಲ್ಲ. ಲೆಕ್ಕ ನೋಡಿದರೆ ಹೊಸಬರಿಗೆ ಎರಡನೆಯದೇ ಸರಿ ಅನ್ನಿಸುತ್ತದೆ. ನಿಜದಲ್ಲಿ ಇದು ಪೂರ್ತಿ ಉಲ್ಟಾ. ಬಾಲಿಯಲ್ಲಿ ಫ್ರೀಡೈವಿಂಗ್ ಕಲಿಯುವವರು ಜಾಸ್ತಿ ಹೋಗುವುದೇ ಜೆಮೆಲುಕ್‌ಗೆ. ಮಾಂಟಾ ಪಾಯಿಂಟ್‌ಗೆ ಹೋಗಬೇಕಾದವರು ಸಮುದ್ರದಲ್ಲಿ ಚೆನ್ನಾಗಿ ಪಳಗಿದವರು.

ಯಾಕೆ ಅಂದರೆ, ಆಳಕ್ಕೆ ನಾವು ಕಡಿವಾಣ ಹಾಕಬಹುದು. ನೀರಿನ ಸೆಳೆತಕ್ಕೆ ಹಾಕಲು ಆಗುವುದಿಲ್ಲ. ಮೇಲೆ ಒಂದು ಫ್ಲೋಟ್, ಅದಕ್ಕೆ ಕಟ್ಟಿದ ಹಗ್ಗ, ಹಗ್ಗದ ತುದಿಗೆ ಭಾರ. ಹಗ್ಗವನ್ನು 8 ಮೀಟರಿಗೆ ಇಳಿಬಿಟ್ಟರೆ ನಿಮ್ಮ ಸಮುದ್ರದ ಆಳ ಅವತ್ತಿಗೆ 8 ಮೀಟರ್, ಅಷ್ಟೇ. ಅದರ ಕೆಳಗೆ ಇನ್ನೂ ಎಷ್ಟು ನೀರಿದೆ ಅನ್ನುವುದು ನಿಮಗೆ ಸಂಬಂಧವಿಲ್ಲ. ಆದರೆ ಅಲೆ ನಿಮ್ಮನ್ನು ಬಂಡೆಯ ಕಡೆ ತಳ್ಳುತ್ತಿದ್ದರೆ, ಸೆಳೆತ ನಿಮ್ಮನ್ನು ದೋಣಿಯಿಂದ ದೂರ ಒಯ್ಯುತ್ತಿದ್ದರೆ, ಮೂರು ಮೀಟರ್ ನೀರೂ ಅಪಾಯವೇ.

ಹಾಗಾಗಿ ಜಾಗ ಆರಿಸುವಾಗ ನಾನು ಮೊದಲು ಕೇಳುವುದು ಆಳ ಎಷ್ಟು ಅಂತಲ್ಲ. ನೀರಿಗೆ ಇಳಿಯುವುದು ಹೇಗೆ, ಹೊರಗೆ ಬರುವುದು ಹೇಗೆ? ಸುಸ್ತಾದರೆ ಎಲ್ಲಿ ಹಿಡಿದುಕೊಂಡು ನಿಲ್ಲಬಹುದು? ಜೊತೆಗಾರನಿಗೆ ನಾನು ಕೆಳಗಿರುವುದು ಕಾಣುತ್ತದಾ? ಇಷ್ಟಕ್ಕೆ ಒಳ್ಳೆ ಉತ್ತರ ಸಿಕ್ಕಿದ ಮೇಲೆ ಆಳದ ಮಾತು.

ಈಗ ನಿಮ್ಮ ನಾಲ್ಕು ಜನರ ವಿಷಯ. ಈಜು ಮಾತ್ರ ಬರುವ ಇಬ್ಬರಿಗೆ ಮುಳುಗಲು ಕಲಿಯುವುದಕ್ಕೆ ಜೆಮೆಲುಕ್ ಬಿಟ್ಟು ಬೇರೆ ಕಡೆ ಯೋಚಿಸಲೇಬೇಡಿ. ವಿಮಾನ ನಿಲ್ದಾಣದಿಂದ ಎರಡೂವರೆ, ಮೂರು ಗಂಟೆ ದಾರಿ. ಕಪ್ಪು ಮರಳು, ಉರುಟು ಕಲ್ಲಿನ ದಡ. ದಡದ ಮೇಲೆ ಎರಡು ಬದಿಗೂ ಬಿದಿರಿನ ರೆಕ್ಕೆ ಕಟ್ಟಿದ ಜುಕುಂಗ್ ದೋಣಿಗಳ ಸಾಲು. ಹಿಂದೆ ಆಗುಂಗ್ ಪರ್ವತ, 3,000 ಮೀಟರ್ ದಾಟಿದ ಜ್ವಾಲಾಮುಖಿ. ಕೊಲ್ಲಿ ಒಳಕ್ಕೆ ಬಾಗಿದೆ, ಅದಕ್ಕೇ ಬೆಳಗಿನ ಹೊತ್ತು ನೀರು ಕೆರೆಯ ಹಾಗೆ ಶಾಂತವಾಗಿರುತ್ತದೆ. ದಡದ ಹತ್ತಿರ ಮೊಣಕಾಲು ನೀರಿನಲ್ಲಿ ನಿಂತು ಮಾಸ್ಕ್ ಹಾಕಿಕೊಳ್ಳಬಹುದು. ಸ್ವಲ್ಪ ಮುಂದೆ ಹವಳ. ಇನ್ನೂ ಮುಂದೆ ನೀಲಿ ಗಾಢವಾಗುತ್ತದೆ. ಅಲ್ಲಿ ಸಾಲಾಗಿ ಫ್ಲೋಟ್‌ಗಳು, ಒಂದೊಂದರ ಸುತ್ತ ಮೂರು ನಾಲ್ಕು ತಲೆಗಳು. ಕಲಿಯುವವರು ಮತ್ತು ಕಲಿಸುವವರು.

ಅಲ್ಲಿ ಒಬ್ಬ ಬೋಧಕರ ಜೊತೆ ಎರಡು ಮೂರು ದಿನದ ಮೊದಲ ಹಂತದ ಕೋರ್ಸ್ ಮಾಡಿ. ನಿಮ್ಮಷ್ಟಕ್ಕೆ ನೀವೇ ಮುಳುಗಿ ಕಲಿಯುತ್ತೇವೆ ಅನ್ನುವುದು ಬೇಡ. ನಮ್ಮಲ್ಲಿ ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರಿಗೆ ಮುಳುಗು ಹಾಕಿ ತಳದ ಮಣ್ಣು ಹಿಡಿದು ತರುವ ಪಂದ್ಯ ಗೊತ್ತಿರುತ್ತದೆ. ಆ ಧೈರ್ಯ ಒಳ್ಳೆಯದೇ. ಆದರೆ ಅದೇ ಧೈರ್ಯ ಎರಡು ಕಡೆ ಮೋಸ ಮಾಡುತ್ತದೆ.

ಮೊದಲನೆಯದು, ಕಿವಿ. ನೀರಿನ ಮೇಲೆ ಇರುವ ಒತ್ತಡ 10 ಮೀಟರ್ ಇಳಿಯುವಷ್ಟರಲ್ಲಿ ಎರಡರಷ್ಟಾಗುತ್ತದೆ. ಎದೆಯೊಳಗಿನ ಗಾಳಿ ಅರ್ಧದಷ್ಟು ಜಾಗಕ್ಕೆ ಕುಗ್ಗುತ್ತದೆ. ಅದು ಮತ್ತೆ ಅರ್ಧವಾಗಬೇಕಾದರೆ 30 ಮೀಟರ್ ಇಳಿಯಬೇಕು. ಅಂದರೆ ದೊಡ್ಡ ಬದಲಾವಣೆ ಆಗುವುದೇ ಮೊದಲ ಹತ್ತು ಮೀಟರಿನಲ್ಲಿ. ಕಿವಿಯ ಒತ್ತಡವನ್ನು ಅಲ್ಲೇ ಪದೇ ಪದೇ ಸರಿ ಮಾಡಿಕೊಳ್ಳಬೇಕು. ನೋವು ತಡೆದುಕೊಂಡು ಇಳಿದರೆ ಕಿವಿಯ ತಮಟೆ ಹರಿಯಬಹುದು. ಕಮ್ಮಿ ಆಳ ಅಂದರೆ ಸುಲಭ ಅಂದುಕೊಳ್ಳಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಮುಳುಗುವ ಮೊದಲು ಜೋರಾಗಿ ಏಳೆಂಟು ಸಲ ಉಸಿರಾಡುವ ಅಭ್ಯಾಸ. ಜಾಸ್ತಿ ಆಮ್ಲಜನಕ ತುಂಬಿಕೊಳ್ಳುತ್ತೇವೆ ಅಂತ ಹಾಗೆ ಮಾಡುತ್ತಾರೆ. ಅದರಿಂದ ಆಮ್ಲಜನಕ ಹೆಚ್ಚಾಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರು ಬೇಕು ಅಂತ ದೇಹ ಒದ್ದಾಡುವುದು ಈ ಡೈಆಕ್ಸೈಡ್ ಏರಿದಾಗ. ಅದನ್ನು ಮೊದಲೇ ಹೊರಹಾಕಿದರೆ ಎಚ್ಚರಿಕೆಯ ಗಂಟೆಯನ್ನೇ ಕಿತ್ತಿಟ್ಟ ಹಾಗೆ. ಒದ್ದಾಟವೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಅದು ಸಾಮಾನ್ಯವಾಗಿ ತಳದಲ್ಲಿ ಆಗುವುದಿಲ್ಲ. ಮೇಲೆ ಬರುವಾಗ ಕೊನೆಯ ಹತ್ತು ಮೀಟರಿನಲ್ಲಿ, ಅಥವಾ ತಲೆ ಹೊರಗೆ ಬಂದ ಮೇಲೆ ಆಗುತ್ತದೆ. ಅದಕ್ಕೇ ಒಬ್ಬರು ಕೆಳಗಿದ್ದರೆ ಇನ್ನೊಬ್ಬರು ಮೇಲೆ ಇರಲೇಬೇಕು. ಬಂದವರು ಉಸಿರೆಳೆದು "ಸರಿ ಇದ್ದೇನೆ" ಅಂತ ಕೈಸನ್ನೆ ಮಾಡಿದ ಮೇಲೂ ಅರ್ಧ ನಿಮಿಷ ಅವರ ಮುಖದಿಂದ ಕಣ್ಣು ತೆಗೆಯಬಾರದು. ಇದನ್ನು ಓದಿ ತಿಳಿದುಕೊಂಡರೆ ಸಾಲದು. ನೀರಿನಲ್ಲಿ ಮಾಡಿ ಮಾಡಿ ಕೈಗೆ ಹತ್ತಬೇಕು.

ಕೋರ್ಸ್ ನಡುವೆ ಒಂದು ಬೆಳಿಗ್ಗೆ ಬಿಡುವಿದ್ದರೆ ಬನ್ಯುನಿಂಗ್‌ಗೆ ಹೋಗಿ ಬನ್ನಿ. ಅದೂ ಆಮೆಡ್ ಕರಾವಳಿಯಲ್ಲೇ, ಜೆಮೆಲುಕ್‌ನಿಂದ ಸ್ವಲ್ಪ ದಕ್ಷಿಣಕ್ಕೆ. ದಡದ ಹತ್ತಿರವೇ ಒಂದು ಚಿಕ್ಕ ಹಡಗು ಮುಳುಗಿದೆ, ಅದನ್ನು ಎಲ್ಲರೂ ಜಪಾನಿ ಹಡಗು ಅನ್ನುತ್ತಾರೆ. ಮೇಲಿನ ಭಾಗ ಕೆಲವೇ ಮೀಟರ್ ಕೆಳಗಿದೆ, ತಳ ಸುಮಾರು 12 ಮೀಟರ್. ಮೇಲೆ ತೇಲುತ್ತಲೇ ಪೂರ್ತಿ ಹಡಗು ಕಾಣುತ್ತದೆ. ಇಳಿಯದೆ ಸುಮ್ನೆ ನೋಡಿದರೂ ಖುಷಿ. ಆದರೆ ಅದು ಜೆಮೆಲುಕ್‌ನಷ್ಟು ಮರೆಯಲ್ಲಿಲ್ಲ. ಅಲೆ ಎದ್ದ ದಿನ ಬೇಡ.

20 ಮೀಟರ್ ಇಳಿದಿರುವ ಗೆಳತಿಗೆ ತುಲಾಂಬೆನ್ ಇದೆ. ಆಮೆಡ್‌ನಿಂದ ಅರ್ಧ ಗಂಟೆಯೊಳಗೆ ತಲುಪಬಹುದು. ಬಾಲಿಯಲ್ಲಿ ನನಗೆ ತುಂಬಾ ಪ್ರೀತಿಯ ಜಾಗ ಇದು. ಅಲ್ಲಿ ಲಿಬರ್ಟಿ ಅನ್ನುವ ಅಮೆರಿಕದ ಸರಕು ಹಡಗು ಮಲಗಿದೆ. ಉದ್ದ ಸುಮಾರು 120 ಮೀಟರ್. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿ ಅದಕ್ಕೆ ಟಾರ್ಪೆಡೊ ಹೊಡೆಯಿತು. ಎಳೆದುಕೊಂಡು ಹೋಗಲು ನೋಡಿದರು. ನೀರು ತುಂಬುತ್ತಾ ಬಂದಿದ್ದರಿಂದ ತುಲಾಂಬೆನ್ ದಡಕ್ಕೆ ತಂದು ನಿಲ್ಲಿಸಿದರು. ಇಪ್ಪತ್ತೊಂದು ವರ್ಷ ಅದು ದಡದ ಮೇಲೇ ಇತ್ತು. 1963ರಲ್ಲಿ ಆಗುಂಗ್ ಸಿಡಿದಾಗ ನೆಲ ನಡುಗಿ ಹಡಗು ಜಾರಿ ನೀರಿಗಿಳಿಯಿತು. ಈಗ ಅದರ ಮೇಲಿನ ತುದಿ ಐದು ಮೀಟರಿನ ಆಸುಪಾಸಿನಲ್ಲಿದೆ, ಕೆಳಗಿನ ಭಾಗ 30 ಮೀಟರಿನ ಹತ್ತಿರ. ದಡದಿಂದ ಈಜಿಕೊಂಡೇ ಹೋಗಬಹುದು. ಕಬ್ಬಿಣದ ಮೇಲೆ ಹವಳ ಬೆಳೆದು ಹಡಗು ಯಾವುದು, ಬಂಡೆ ಯಾವುದು ಅಂತ ಒಂದು ಕ್ಷಣ ತಿಳಿಯುವುದಿಲ್ಲ.

ತುಲಾಂಬೆನ್‌ನಲ್ಲಿ ಕಷ್ಟ ಇರುವುದು ದಡದಲ್ಲಿ. ಮರಳಿಲ್ಲ, ತೆಂಗಿನಕಾಯಿ ಗಾತ್ರದ ನುಣುಪಾದ ಕಲ್ಲುಗಳು. ಅಲೆ ಬಂದಾಗ ಕಾಲಡಿಯ ಕಲ್ಲೇ ಉರುಳುತ್ತದೆ. ಉದ್ದನೆಯ ಫಿನ್ಸ್ ಹಾಕಿಕೊಂಡು ಅದರ ಮೇಲೆ ನಡೆಯಲು ಹೋಗಬೇಡಿ. ಸೊಂಟದ ತನಕ ನೀರು ಬಂದ ಮೇಲೆ ಹಾಕಿಕೊಳ್ಳಿ. ಅದೇ ಕಲ್ಲುಗಳ ಮೇಲೆ ಊರಿನ ಹೆಂಗಸರು ಸ್ಕೂಬಾ ಸಿಲಿಂಡರುಗಳನ್ನು ತಲೆ ಮೇಲೆ ಹೊತ್ತು ನಡೆಯುತ್ತಾರೆ. ಅವರು ಕಾಲಿಡುವ ಜಾಗ ನೋಡಿಕೊಂಡು ನಡೆದರೆ ನಿಮಗೂ ದಾರಿ ಸಿಗುತ್ತದೆ. ಬೆಳಕು ಹರಿಯುತ್ತಿದ್ದಂತೆ ಹೋಗಿ. ಹೊತ್ತೇರಿದರೆ ಸ್ಕೂಬಾದವರ ಗುಂಪು ಸೇರುತ್ತದೆ. ಅವರ ಗುಳ್ಳೆಗಳ ಮೇಲೆ ಇಳಿಯಬೇಡಿ, ಏನೂ ಕಾಣುವುದಿಲ್ಲ. ಹಡಗಿನ ಒಳಗೆ ನುಗ್ಗುವುದಂತೂ ಬೇಡವೇ ಬೇಡ. ಒಂದೇ ಉಸಿರಿನಲ್ಲಿ ಇಳಿದವರ ತಲೆಯ ಮೇಲೆ ಯಾವಾಗಲೂ ತೆರೆದ ನೀರೇ ಇರಬೇಕು. ಮತ್ತೆ, ಅವಳು ಒಬ್ಬಳೇ ಹೋಗುವ ಹಾಗಿಲ್ಲ. ಅವಳಷ್ಟೇ ಇಳಿಯಬಲ್ಲ, ಅವಳನ್ನು ಮೇಲೆ ತರಬಲ್ಲ ಒಬ್ಬರು ಜೊತೆಗಿರಬೇಕು. ನಿಮ್ಮ ಗುಂಪಿನಲ್ಲಿ ಅಂಥವರಿಲ್ಲ, ಆದ್ದರಿಂದ ಅಲ್ಲಿನ ಒಬ್ಬ ಬೋಧಕರನ್ನು ಕರೆದುಕೊಂಡು ಹೋಗಲಿ.

ಸ್ಕೂಬಾ ಗೊತ್ತಿರುವ ಗೆಳೆಯನಿಗೆ ಬೇರೆಯದೇ ಮಾತು. ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದ್ದೇನೆ, ಸಮುದ್ರದ ಭಯವಿಲ್ಲ ಅನ್ನುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಭಯ ಇಲ್ಲದಿರುವುದು ನಿಜ. ಆದರೆ ಸ್ಕೂಬಾದ ಮೊದಲ ಪಾಠವೇ ಉಸಿರು ಹಿಡಿಯಬೇಡಿ ಅಂತ. ಇಲ್ಲಿ ಪಾಠ ಪೂರ್ತಿ ಬೇರೆ. ಅವನೂ ಹೊಸಬರ ಜೊತೆ ಮೊದಲ ಹಂತದಿಂದಲೇ ಶುರು ಮಾಡಬೇಕು. ಇನ್ನೊಂದು ಮುಖ್ಯ ವಿಷಯ: ಬೆಳಿಗ್ಗೆ ಲಿಬರ್ಟಿಯಲ್ಲಿ ಸ್ಕೂಬಾ, ಮಧ್ಯಾಹ್ನ ಜೆಮೆಲುಕ್‌ನಲ್ಲಿ ಫ್ರೀಡೈವಿಂಗ್ ಅಂತ ಯೋಜನೆ ಹಾಕಬೇಡಿ. ಸ್ಕೂಬಾ ಮಾಡಿದ ಮೇಲೆ ದೇಹದಲ್ಲಿ ಸಾರಜನಕ ಉಳಿದಿರುತ್ತದೆ. ಆ ಸ್ಥಿತಿಯಲ್ಲಿ ಬೇಗ ಬೇಗ ಇಳಿದು ಹತ್ತಿದರೆ ಅಪಾಯ. ನಡುವೆ ಒಂದು ಪೂರ್ತಿ ದಿನ ಬಿಡಿ. ಮೊದಲು ಫ್ರೀಡೈವಿಂಗ್ ದಿನಗಳು, ಆಮೇಲೆ ಸ್ಕೂಬಾ ದಿನಗಳು ಅಂತ ಇಟ್ಟುಕೊಂಡರೆ ಸುಲಭ. ಸ್ಕೂಬಾ ಆದ ಮೇಲೆ ವಿಮಾನ ಹತ್ತಲೂ ಬಿಡುವು ಬೇಕು, ಅದನ್ನೂ ಲೆಕ್ಕ ಹಾಕಿ.

ವಾಯವ್ಯದಲ್ಲಿ ಮೆಂಜಂಗನ್ ದ್ವೀಪ ಇದೆ, ಪಶ್ಚಿಮ ಬಾಲಿ ರಾಷ್ಟ್ರೀಯ ಉದ್ಯಾನದ ಭಾಗ. ಮೆಂಜಂಗನ್ ಅಂದರೆ ಜಿಂಕೆ, ದ್ವೀಪದಲ್ಲಿ ಜಿಂಕೆಗಳಿವೆ. ನೀರು ತಿಳಿಯಾಗಿ, ಶಾಂತವಾಗಿರುತ್ತದೆ. ದಡದ ಹವಳ ಇದ್ದಕ್ಕಿದ್ದಂತೆ ಗೋಡೆಯ ಹಾಗೆ ಕೆಳಕ್ಕಿಳಿಯುತ್ತದೆ. ಸ್ನಾರ್ಕೆಲ್ ಮಾಡುವವರಿಗೆ, ಅಂದರೆ ಬಾಯಲ್ಲಿ ಉಸಿರಿನ ಕೊಳವೆ ಇಟ್ಟುಕೊಂಡು ಮೇಲೆ ತೇಲುತ್ತಾ ನೋಡುವವರಿಗೆ, ಇದಕ್ಕಿಂತ ಚೆನ್ನಾದ ಜಾಗ ಸಿಗುವುದು ಕಷ್ಟ. ಮುಳುಗುವವರಿಗೆ ಮಾತ್ರ ಒಂದು ಎಚ್ಚರ. ಸರಿಯಾಗಿ ತೂಕ ಕಟ್ಟಿಕೊಂಡವರ ದೇಹ ಮೊದಲ ಹತ್ತು ಮೀಟರಿನಲ್ಲಿ ಮೇಲಕ್ಕೆ ತೇಲಲು ನೋಡುತ್ತದೆ. ಅದರ ಕೆಳಗೆ ಕಲ್ಲಿನ ಹಾಗೆ ತಾನಾಗಿ ಮುಳುಗುತ್ತದೆ. ಕಾಲಾಡಿಸುವುದೇ ಬೇಡ, ತುಂಬಾ ಹಾಯಾಗಿರುತ್ತದೆ. ಗೋಡೆ ನೋಡುತ್ತಾ ಇಳಿದರೆ ತಳ ಕಾಣದ್ದರಿಂದ ಎಷ್ಟು ಇಳಿದೆವು ಅನ್ನುವುದೇ ಗೊತ್ತಾಗುವುದಿಲ್ಲ. ವಾಪಸ್ ಬರುವ ಶ್ರಮ ಆಮೇಲೆ ನೆನಪಾಗುತ್ತದೆ. ಅಲ್ಲಿಯೂ ಹಗ್ಗ ಹಾಕಿಯೇ ಇಳಿಯಿರಿ, ಕೈಗೆ ಆಳ ತೋರಿಸುವ ಗಡಿಯಾರ ಕಟ್ಟಿಕೊಳ್ಳಿ. ಆಮೆಡ್‌ನಿಂದ ದೂರ ಜಾಸ್ತಿ. ವಾರಕ್ಕಿಂತ ಕಡಿಮೆ ದಿನ ಇದ್ದರೆ ಈ ಸಲ ಬಿಟ್ಟುಬಿಡಿ.

ಕೊನೆಗೆ ಪೆನಿಡಾ. ಎಲ್ಲರ ಆಸೆಯೂ ಅದೇ ಅಂತ ಗೊತ್ತು. ನಮ್ಮ ಕರಾವಳಿಯ ತೊರಕೆ ಮೀನಿನ ದೊಡ್ಡ ಬಂಧು ಮಾಂಟಾ. ಮೂರು, ನಾಲ್ಕು ಮೀಟರ್ ಅಗಲದ ರೆಕ್ಕೆ ಬೀಸುತ್ತಾ ಅದು ಕೆಳಗೆ ಹಾದುಹೋಗುವುದನ್ನು ಒಮ್ಮೆ ನೋಡಿದರೆ ಮರೆಯಲು ಆಗುವುದಿಲ್ಲ. ಆದರೆ ಬಾಲಿ ಮತ್ತು ಪಕ್ಕದ ಲೊಂಬೊಕ್ ದ್ವೀಪದ ನಡುವಿನ ಜಲಸಂಧಿಯಲ್ಲಿ ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಹರಿಯುತ್ತದೆ. ಪೆನಿಡಾ ಆ ಹರಿವಿನ ಬಾಯಲ್ಲೇ ಇದೆ. ಸೆಳೆತ ಅಡ್ಡಕ್ಕೆ ಮಾತ್ರವಲ್ಲ, ಕೆಲವು ಕಡೆ ಕೆಳಕ್ಕೂ ಎಳೆಯುತ್ತದೆ. ಮೋಲಾ ಅನ್ನುವ ಭಾರೀ ಗಾತ್ರದ ಮೀನು ಬರುವ ಜುಲೈನಿಂದ ಅಕ್ಟೋಬರ್ ತನಕ ತಳದ ನೀರು ಮೇಲೆದ್ದು ಮೈ ಕೊರೆಯುವಷ್ಟು ತಣ್ಣಗಾಗುತ್ತದೆ. ಚಳಿಗೆ ಉಸಿರು ಬೇಗ ಖಾಲಿಯಾಗುತ್ತದೆ. 2014ರ ಫೆಬ್ರವರಿಯಲ್ಲಿ ಪಕ್ಕದ ಲೆಂಬೊಂಗನ್ ದ್ವೀಪದ ಬಳಿ ಸ್ಕೂಬಾಕ್ಕೆ ಇಳಿದ ಏಳು ಜಪಾನಿ ಮಹಿಳೆಯರು ಕೊಚ್ಚಿಹೋದರು. ಅವರಲ್ಲಿ ಬೋಧಕರೂ ಇದ್ದರು. ಮೂರು ದಿನ ಕಳೆದ ಮೇಲೆ ಐದು ಜನ ಜೀವಂತ ಸಿಕ್ಕಿದರು. ಸಿಲಿಂಡರ್ ಇದ್ದ ಅನುಭವಿಗಳ ಕಥೆಯೇ ಹೀಗೆ.

ಹಾಗಂತ ಪೆನಿಡಾ ಬೇಡವೇ ಬೇಡ ಅನ್ನುತ್ತಿಲ್ಲ. ಇಳಿದವರನ್ನು ಬಿಟ್ಟು ದೂರ ಹೋಗದ ದೋಣಿ, ನೀರಿನಲ್ಲಿ ಜೊತೆಗಿರುವ ಅಲ್ಲಿನ ಮಾರ್ಗದರ್ಶಿ, ಅಲೆ ಕಡಿಮೆ ಇರುವ ದಿನ, ಈ ಮೂರೂ ಸೇರಿದರೆ ನಿಮ್ಮ ಗೆಳತಿ ಹೋಗಬಹುದು. ಉಳಿದವರು ಲೈಫ್ ಜಾಕೆಟ್ ಹಾಕಿಕೊಂಡು ಮೇಲಿಂದ ನೋಡಲಿ. ಮಾಂಟಾ ಹತ್ತಿರ ಬಂದಾಗ ಅದರ ಮೇಲೆ ಇಳಿಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಚಿಕ್ಕ ಮೀನುಗಳಿಂದ ಮೈ ಶುಚಿ ಮಾಡಿಸಿಕೊಳ್ಳಲು ಅದು ಅಲ್ಲಿಗೆ ಬರುತ್ತದೆ. ಕಿರುಕುಳವಾದರೆ ಹೊರಟುಹೋಗುತ್ತದೆ.

ಯಾವ ತಿಂಗಳು ಅಂತ ನೀವು ಬರೆದಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಒಣ ಹವೆ, ಆಮೆಡ್‌ಗೆ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಜೋರು ಮಳೆಯಾದರೆ ಆಗುಂಗ್ ಕಡೆಯ ಒಣ ಹಳ್ಳಗಳೆಲ್ಲ ತುಂಬಿ ಕೆಸರು ನೀರು ಸಮುದ್ರ ಸೇರುತ್ತದೆ. ಒಂದೆರಡು ದಿನ ಏನೂ ಕಾಣುವುದಿಲ್ಲ. ಕಾಯಬೇಕಷ್ಟೇ.

ಯಾವ ಜಾಗಕ್ಕೆ ಹೋದರೂ ನೀರಿಗಿಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಲ್ಲಿ. ಲಂಗರು ಹಾಕಿದ ದೋಣಿಗಳ ಮೂತಿ ಯಾವ ಕಡೆಗಿದೆ ನೋಡಿ. ಎಲ್ಲವೂ ಒಂದೇ ಕಡೆ ಬಿಗಿಯಾಗಿ ಎಳೆದು ನಿಂತಿದ್ದರೆ ಸೆಳೆತವೋ ಗಾಳಿಯೋ ಜೋರಾಗಿದೆ ಅಂತ ಅರ್ಥ. ಫ್ಲೋಟ್ ಹತ್ತಿರ ಹೋದ ಮೇಲೆ ಮುಖ ಮುಳುಗಿಸಿ ಹಗ್ಗ ನೋಡಿ. ನೆಟ್ಟಗೆ ಇಳಿದಿದ್ದರೆ ಶುರು ಮಾಡಿ. ಓರೆಯಾಗಿದ್ದರೆ ಅವತ್ತು ಇಬ್ಬರು ಹೊಸಬರು ದಡದ ಹವಳ ನೋಡಿಕೊಂಡು ಇರಲಿ, ಹಗ್ಗ ಮರುದಿನ ಬೆಳಿಗ್ಗೆಗೆ ಇರಲಿ.