ಟ್ಯಾಲಿ ಆಗದ ಲೆಕ್ಕ, ಫೇಲಾದ ಪೇಪರ್

ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ) ಟ್ಯಾಲಿ ಆಗದಿದ್ದರೆ, ಅಂದರೆ ಎರಡೂ ಕಡೆಯ ಮೊತ್ತ ಸಮವಾಗದಿದ್ದರೆ, ಕೈಯಲ್ಲೇ ಲೆಕ್ಕ ಬರೆಯುತ್ತಿದ್ದವರು ಮೊದಲು ವ್ಯತ್ಯಾಸದ ಮೊತ್ತವನ್ನೇ ನೋಡುತ್ತಿದ್ದರು. ಅದು 9ರಿಂದ ಸರಿಯಾಗಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು. 5,400 ಇರುವಲ್ಲಿ 4,500 ಬರೆದರೆ ವ್ಯತ್ಯಾಸ 900. ಡೆಬಿಟ್‌ಗೆ ಹೋಗಬೇಕಾದ್ದು ಕ್ರೆಡಿಟ್‌ಗೆ ಹೋದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು. ಹಾಗಾಗಿ ಅರ್ಧ ಮಾಡಿ ಹುಡುಕಬೇಕು. ಹುಡುಕಲು ಪುರುಸೊತ್ತಿಲ್ಲದವರು ಅದನ್ನು, ಕಾರಣ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಪುಸ್ತಕ ಮುಚ್ಚುತ್ತಾರೆ. ಲೆಕ್ಕ ಟ್ಯಾಲಿ ಆಗುತ್ತದೆ, ತಪ್ಪು ಇದ್ದಲ್ಲೇ ಇರುತ್ತದೆ.

ಮಂಗಳೂರಿನಲ್ಲಿ ಸಿಎ ಮಕ್ಕಳಿಗೆ ಪಾಠ ಮಾಡುವ ನನಗೆ ಪ್ರತಿ ರಿಸಲ್ಟ್ ಬಂದಾಗಲೂ ಇದು ನೆನಪಾಗುತ್ತದೆ. ಎಂತ ಆಯ್ತು ಎಂದು ಕೇಳಿದರೆ, "ವ್ಯಾಲ್ಯುವೇಶನ್ ಟೈಟ್ ಇತ್ತು ಸರ್" ಎನ್ನುತ್ತಾರೆ. ಇಲ್ಲವಾದರೆ, "ಇನ್ನೂ ಜಾಸ್ತಿ ಓದ್ಬೇಕಿತ್ತು ಸರ್." ಎರಡೂ ಸಸ್ಪೆನ್ಸ್ ಅಕೌಂಟೇ. ನಾನೂ ಎರಡು ಸಲ ಫೇಲಾದವನು. ಮೊದಲ ಸಲ ಯಾಕೆ ಹೋಯಿತು ಎಂದು ನೋಡಲೇ ಇಲ್ಲ, ಸುಮ್ನೆ ಓದುವ ಗಂಟೆ ಹೆಚ್ಚಿಸಿದೆ. ಅದೇ ತಪ್ಪನ್ನು ಇನ್ನಷ್ಟು ಶ್ರಮಪಟ್ಟು ಮಾಡಿದೆ.

ಕಳೆದ ಸಲ ಪುತ್ತೂರಿನಿಂದ ಬರುವ ಒಬ್ಬಳು ಸಿಎ ಎರಡನೇ ಹಂತವಾದ ಇಂಟರ್‌ನ, ಮೂರು ಪೇಪರ್‌ಗಳ ಮೊದಲ ಗ್ರೂಪ್‌ನಲ್ಲಿ ಫೇಲಾದಳು. ಅಕೌಂಟ್ಸ್‌ನಲ್ಲಿ 41, ಲಾದಲ್ಲಿ 62, ಟ್ಯಾಕ್ಸ್‌ನಲ್ಲಿ 44. ಪ್ರತಿ ಪೇಪರ್‌ನಲ್ಲೂ ಕನಿಷ್ಠ ಬೇಕಾದ 40 ದಾಟಿದೆ. ಆದರೆ ಗ್ರೂಪ್ ಪಾಸಾಗಲು ಒಟ್ಟು 300ರಲ್ಲಿ 150 ಬೇಕು, ಇವಳದ್ದು 147. ಮೂರು ಅಂಕ! ಮನೆಯಲ್ಲಿ ಎರಡು ದಿನ ಊಟ ಸರಿಯಾಗಿ ಮಾಡಿಲ್ಲವಂತೆ. ಆ ಸಂಕಟಕ್ಕೆ ಸಮಯ ಕೊಡಬೇಕು. ಮರುದಿನವೇ ಪುಸ್ತಕ ಹಿಡಿ ಎಂದು ಮಕ್ಕಳಿಗೆ ಹೇಳುವ ಹಿರಿಯರ ಮಾತು ನನಗೆ ಒಪ್ಪಿಗೆಯಿಲ್ಲ.

ಆಮೇಲೆ ಉತ್ತರಪತ್ರಿಕೆಯ ಪ್ರತಿ ತರಿಸಲು ಹೇಳಿದೆ. ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ವಿದ್ಯಾರ್ಥಿ ಮಾಹಿತಿ ಹಕ್ಕಿನಡಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸಿಎ ಸಂಸ್ಥೆ ಅರ್ಜಿ ಹಾಕಿದವರಿಗೆ ಪ್ರತಿ ಕೊಡುತ್ತದೆ. ಆದರೂ ಹೆಚ್ಚಿನವರು ತರಿಸುವುದಿಲ್ಲ. ನೋಡಲು ಹೆದರಿಕೆ, ಅಲ್ವಾ?

ಪ್ರತಿ ಬಂತು. ಇಬ್ಬರೂ ಕೂತು ನೋಡಿದೆವು. ಅಕೌಂಟ್ಸ್ ಪೇಪರ್‌ನಲ್ಲಿ ಕನ್ಸಾಲಿಡೇಶನ್ ಲೆಕ್ಕವನ್ನು (ಮುಖ್ಯ ಕಂಪನಿ, ಅದರ ಅಂಗಸಂಸ್ಥೆಗಳ ಲೆಕ್ಕ ಒಟ್ಟುಗೂಡಿಸುವುದು) ಮೂರು ಸಲ ಹೊಡೆದುಹಾಕಿ ಮತ್ತೆ ಮಾಡಿದ್ದಳು. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದೆ ಮುಂದೆ ಹೋಗಲು ಮನಸ್ಸು ಬಂದಿರಲಿಲ್ಲ. ಕೊನೆಯ ಪ್ರಶ್ನೆಗೆ ನಾಲ್ಕೇ ಸಾಲು. ಅದು ಅವಳಿಗೆ ಚೆನ್ನಾಗಿ ಬರುವ ವಿಷಯ. "ಓದಿದ್ದು ಕಡಿಮೆ ಆಗಿದ್ದಲ್ಲ ಸರ್," ಎಂದಳು. ತುಂಬ ಹೊತ್ತು ಆ ಪುಟವನ್ನೇ ನೋಡಿದಳು.

ಲೆಕ್ಕದಲ್ಲಿ ಟ್ಯಾಲಿ ಆಗುವವರೆಗೆ ಬಿಡಬಾರದು ಎಂದು ಕಲಿಸಿದವನು ನಾನೇ. ಆಫೀಸಿಗೆ ಅದು ಸರಿ. ಮೂರು ಗಂಟೆಯ ಪರೀಕ್ಷೆಗೆ ಅಲ್ಲ. ಉತ್ತರಕ್ಕೆ ಬಂದ ದಾರಿ ತೋರಿಸುವ ವರ್ಕಿಂಗ್ ನೋಟ್ಸ್‌ಗೂ ಅಂಕ ಇದೆ, ಅಲ್ಲಿಗೆ ಬಿಟ್ಟು ಮುಂದೆ ಹೋಗಬೇಕು. ಈಗ ಇದನ್ನು ಕ್ಲಾಸಿನಲ್ಲಿ ಬೇರೆಯಾಗಿಯೇ ಹೇಳುತ್ತೇನೆ.

ಪ್ರತಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಪರೀಕ್ಷೆ ಮುಗಿದ ಸಂಜೆಯೇ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ರಿಸಲ್ಟ್ ಬಂದ ಮೇಲೆ ನೆನಪು ಬೇರೆ ಕಥೆ ಹೇಳುತ್ತದೆ.

ಅವಳು ಈ ಸಲ ಪರೀಕ್ಷೆ ಬರೆದು ಪ್ರಶ್ನೆಪತ್ರಿಕೆ ತಂದು ತೋರಿಸಿದಳು. ಮೂರನೆಯ ಪ್ರಶ್ನೆಯ ಪಕ್ಕ ಕೆಂಪು ಪೆನ್ನಿನಲ್ಲಿ ಹೀಗಿತ್ತು: "27 ನಿಮಿಷ. ಟ್ಯಾಲಿ ಆಗಲಿಲ್ಲ. ಬಿಟ್ಟೆ."